ಶಾಲೆಯ ಕ್ಯಾಚ್‌ಮೆಂಟ್ ನೋಡಿ ಮನೆ ಕೊಳ್ಳಬೇಕಾ? ರೆಡಿಂಗ್‌ನ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನಾವು ಶಿವಮೊಗ್ಗದವರು. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಮಗ ಇಲ್ಲೇ ಪ್ರೈಮರಿ ಶಾಲೆಗೆ ಹೋಗುತ್ತಿದ್ದಾನೆ, 2028ರ ಸೆಪ್ಟೆಂಬರಿನಲ್ಲಿ ಸೆಕೆಂಡರಿಗೆ ಹೋಗಬೇಕು. ಮಗಳು 2027ರ ಸೆಪ್ಟೆಂಬರಿನಲ್ಲಿ ರಿಸೆಪ್ಶನ್ (ಪ್ರೈಮರಿಯ ಮೊದಲ ತರಗತಿ) ಸೇರಬೇಕು. ಈಗ ಸ್ವಂತ ಮನೆ ಹುಡುಕುತ್ತಿದ್ದೇವೆ. ಎರಡು ಇಷ್ಟವಾಗಿವೆ. ಒಂದು ಲೋವರ್ ಅರ್ಲಿಯಲ್ಲಿ ಮೂರು ಬೆಡ್‌ರೂಮಿನ ಟೆರೇಸ್ ಮನೆ (ಎರಡೂ ಪಕ್ಕ ಅಂಟಿಕೊಂಡ ಸಾಲು ಮನೆ), 4,50,000 ಪೌಂಡ್. ಅದು 'ಔಟ್‌ಸ್ಟ್ಯಾಂಡಿಂಗ್' ಪ್ರೈಮರಿ ಶಾಲೆಯ ಕ್ಯಾಚ್‌ಮೆಂಟಿನಲ್ಲಿದೆ, ಅಂದರೆ ಸೀಟಿಗೆ ಶಾಲೆ ಆದ್ಯತೆ ಕೊಡುವ ಸುತ್ತಲಿನ ಪ್ರದೇಶದೊಳಗಿದೆ ಎಂದು ಏಜೆಂಟ್ ಹೇಳುತ್ತಾರೆ. ಇನ್ನೊಂದು ಟೈಲ್‌ಹರ್ಸ್ಟ್ ಕಡೆ, ಸೆಮಿ ಡಿಟ್ಯಾಚ್ಡ್ (ಒಂದು ಪಕ್ಕ ಮಾತ್ರ ಅಂಟಿಕೊಂಡ ಮನೆ), ದೊಡ್ಡ ಹಿತ್ತಲಿದೆ, 4,15,000 ಪೌಂಡ್. ಸ್ನೇಹಿತರೆಲ್ಲ ಮಕ್ಕಳ ಓದಿಗಾಗಿ ಮೊದಲನೆಯದನ್ನೇ ತಗೊಳ್ಳಿ ಅನ್ನುತ್ತಾರೆ. ನನ್ನ ಹೆಂಡತಿಗೆ ಎರಡನೆಯದೇ ಇಷ್ಟ. ಬೆಂಗಳೂರಿನಲ್ಲಿ ನಮ್ಮಿಬ್ಬರ ಹೆಸರಲ್ಲಿ ಒಂದು ಫ್ಲ್ಯಾಟ್ ಇದೆ, ಬಾಡಿಗೆಗೆ ಕೊಟ್ಟಿದ್ದೇವೆ. ಕ್ಯಾಚ್‌ಮೆಂಟಿಗಾಗಿ 35,000 ಪೌಂಡ್ ಜಾಸ್ತಿ ಕೊಡುವುದು ಸರಿಯಾ?

ಉತ್ತರ: ನೇರವಾಗಿ ಹೇಳುತ್ತೇನೆ. ಒಂದೇ ಒಂದು ಶಾಲೆಯ ಗೆರೆಯೊಳಗೆ ಬರುತ್ತದೆ ಅನ್ನುವ ಕಾರಣಕ್ಕೆ ಅಷ್ಟು ದುಡ್ಡು ಜಾಸ್ತಿ ಕೊಡಬೇಡಿ. ಅರ್ಜಿಗಳು ತುಂಬಾ ಬಂದ ವರ್ಷದಲ್ಲೂ ಆ ವಿಳಾಸದಿಂದ ಎರಡು ಮೂರು ಒಳ್ಳೆಯ ಶಾಲೆಗಳಲ್ಲಿ ಸೀಟು ಸಿಗುವಂತಿದ್ದರೆ, ಆಗ ಕೊಡಿ. ಈ ಎರಡಕ್ಕೂ ಬಹಳ ವ್ಯತ್ಯಾಸವಿದೆ. ಯಾವುದು ಯಾವುದು ಎಂದು ತಿಳಿದುಕೊಳ್ಳುವ ಕೆಲಸ ನಿಮ್ಮದೇ. ಏಜೆಂಟ್ ಮಾಡುವುದಿಲ್ಲ, ಮನೆಯ ಕಾಗದಪತ್ರ ನೋಡುವ ವಕೀಲರು, ಅಂದರೆ ಸಾಲಿಸಿಟರ್, ಸಾಮಾನ್ಯವಾಗಿ ಮಾಡುವುದಿಲ್ಲ, ಕಟ್ಟಡ ಪರೀಕ್ಷಿಸುವ ಸರ್ವೇಯರ್ ಅಂತೂ ಮಾಡುವುದೇ ಇಲ್ಲ.

ನಮ್ಮ ಕಡೆಯಿಂದ ಬಂದವರಿಗೆ ಈ ವಿಷಯ ಮೊದಮೊದಲು ವಿಚಿತ್ರ ಅನ್ನಿಸುತ್ತದೆ. ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಮನೆ ಕೊಳ್ಳುವಾಗ ಸ್ಕೂಲ್ ವ್ಯಾನ್ ಬರುತ್ತಾ ಎಂದು ಕೇಳಿದರೆ ಆಯಿತು. ಫೀಸು ಕಟ್ಟುವ ಶಕ್ತಿ ಇದ್ದು, ಸೀಟು ಸಿಕ್ಕಿದರೆ ಮುಗಿಯಿತು. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಫೀಸು ಇಲ್ಲ. ಡೊನೇಷನ್ ಇಲ್ಲ. ಮಗುವಿಗಾಗಲಿ ತಂದೆತಾಯಿಗಾಗಲಿ ಇಂಟರ್‌ವ್ಯೂ ಮಾಡುವ ಹಾಗಿಲ್ಲ. ಹಾಗಾದರೆ ಸೀಟಿಗಿಂತ ಜಾಸ್ತಿ ಅರ್ಜಿ ಬಂದಾಗ ಯಾರನ್ನು ತೆಗೆದುಕೊಳ್ಳುವುದು? ಅಲ್ಲಿ ವಿಳಾಸ ಬಂದು ನಿಲ್ಲುತ್ತದೆ. ಆದ್ದರಿಂದ ಒಳ್ಳೆಯ ಹೆಸರಿರುವ ಶಾಲೆಯ ಸುತ್ತ ಮನೆಯ ಬೆಲೆ ಏರುತ್ತದೆ. ಇಂಗ್ಲೆಂಡಿನ ಶಿಕ್ಷಣ ಇಲಾಖೆಯೇ 2017ರಲ್ಲಿ ಇದನ್ನು ಲೆಕ್ಕ ಹಾಕಿ ಪ್ರಕಟಿಸಿತ್ತು. ಫಲಿತಾಂಶದಲ್ಲಿ ಮೇಲಿನ ಶೇ 10ರಲ್ಲಿರುವ ಪ್ರೈಮರಿ ಶಾಲೆಗಳ ಹತ್ತಿರದ ಮನೆಗಳು ಸುತ್ತಲಿನ ಮನೆಗಳಿಗಿಂತ ಸುಮಾರು ಶೇ 8ರಷ್ಟು ದುಬಾರಿ. ಸೆಕೆಂಡರಿ ಶಾಲೆಗಳ ಹತ್ತಿರ ಶೇ 6.8ರಷ್ಟು. ನಿಮ್ಮ ಎರಡು ಮನೆಗಳ ವ್ಯತ್ಯಾಸವೂ ಶೇ 8ರ ಆಸುಪಾಸಿನಲ್ಲೇ ಇದೆ. ಅಂದರೆ ಕಡಿಮೆ ಜಾಗದ ಮನೆಗೆ ಜಾಸ್ತಿ ದುಡ್ಡು ಕೇಳುತ್ತಿದ್ದಾರೆ. ಆ 35,000 ಪೌಂಡನ್ನು 25 ವರ್ಷದ ಮಾರ್ಟ್‌ಗೇಜ್‌ಗೆ (ಮನೆ ಸಾಲಕ್ಕೆ) ಸೇರಿಸಿದರೆ, ಶೇ 4.5 ಬಡ್ಡಿಗೆ ತಿಂಗಳಿಗೆ 195 ಪೌಂಡ್ ಹತ್ತಿರ ಬರುತ್ತದೆ. ಮಗಳು ಆ ಪ್ರೈಮರಿಯಲ್ಲಿ ಓದುವುದು ಏಳೇ ವರ್ಷ.

ಈಗ ಮುಖ್ಯ ವಿಷಯ. ಕ್ಯಾಚ್‌ಮೆಂಟಿನಲ್ಲಿ ಮನೆ ಇದ್ದರೆ ಸೀಟು ಖಾತ್ರಿ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಇಂಗ್ಲೆಂಡಿನಲ್ಲಿ ಹಾಗಿಲ್ಲ. (ಸ್ಕಾಟ್ಲೆಂಡಿನಲ್ಲಿ ಕ್ರಮವೇ ಬೇರೆ. ಅಲ್ಲಿರುವ ಸ್ನೇಹಿತರ ಅನುಭವವನ್ನು ಇಲ್ಲಿಗೆ ತರಬೇಡಿ.) ಪ್ರತಿ ಶಾಲೆಗೂ ಒಂದು ಅಡ್ಮಿಷನ್ ಪಾಲಿಸಿ ಇರುತ್ತದೆ. ಅದರಲ್ಲಿ ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂದು ಬರೆದಿರುತ್ತದೆ. ವಿಶೇಷ ಶಿಕ್ಷಣದ ಅಗತ್ಯವಿರುವ ಮಗುವಿನ ಇ.ಎಚ್.ಸಿ. ಪ್ಲ್ಯಾನ್‌ನಲ್ಲಿ ಶಾಲೆಯ ಹೆಸರಿದ್ದರೆ ಆ ಮಗುವನ್ನು ಸೇರಿಸಿಕೊಳ್ಳಲೇಬೇಕು. ಸರ್ಕಾರದ ಪೋಷಣೆಯಲ್ಲಿರುವ, ಅಥವಾ ಹಿಂದೆ ಇದ್ದ ಮಕ್ಕಳಿಗೆ ಮೊದಲ ಸ್ಥಾನ. ಇವೆರಡು ಎಲ್ಲ ಕಡೆ ಒಂದೇ. ಅದಾದ ಮೇಲೆ ಒಂದೊಂದು ಶಾಲೆ ಒಂದೊಂದು ಥರ. ಕೆಲವು ಕಡೆ ಅದೇ ಶಾಲೆಯಲ್ಲಿ ಅಣ್ಣ ಅಕ್ಕ ಓದುತ್ತಿರುವವರಿಗೆ ಮೊದಲು, ಆಮೇಲೆ ಕ್ಯಾಚ್‌ಮೆಂಟಿನವರಿಗೆ. ಕೆಲವು ಕಡೆ ಕ್ಯಾಚ್‌ಮೆಂಟ್ ಒಳಗಿನ ಅಣ್ಣ ತಂಗಿಯರಿಗೆ ಮೊದಲು, ಆಮೇಲೆ ಕ್ಯಾಚ್‌ಮೆಂಟಿನ ಉಳಿದವರಿಗೆ, ಹೊರಗಿನ ಅಣ್ಣ ತಂಗಿಯರಿಗೆ ಕೊನೆಗೆ. ಕೆಲವು ಶಾಲೆಗಳಿಗೆ ಕ್ಯಾಚ್‌ಮೆಂಟೇ ಇಲ್ಲ, ಬರೀ ದೂರದ ಲೆಕ್ಕ.

ಒಂದು ಉದಾಹರಣೆ ನೋಡಿ. ಶಾಲೆಯಲ್ಲಿ 60 ಸೀಟು ಇವೆ ಅಂದುಕೊಳ್ಳಿ. ಮೊದಲ ಎರಡು ಬಗೆಯ ಮಕ್ಕಳಿಗೆ 4 ಹೋಯಿತು. ಆ ವರ್ಷ ತಮ್ಮ ತಂಗಿಯರು 30 ಜನ ಬಂದರು. ಉಳಿದಿದ್ದು 26. ಕ್ಯಾಚ್‌ಮೆಂಟಿನಿಂದ 40 ಅರ್ಜಿ ಬಂದಿದ್ದರೆ, ಶಾಲೆಗೆ ಹತ್ತಿರ ಇರುವ 26 ಮಕ್ಕಳಿಗೆ ಸೀಟು, ಉಳಿದ 14 ಮಕ್ಕಳಿಗೆ ಇಲ್ಲ. ಆ 14 ಮನೆಗಳನ್ನೂ ಯಾರೋ ಏಜೆಂಟ್ 'ಕ್ಯಾಚ್‌ಮೆಂಟ್ ಒಳಗೆ' ಎಂದೇ ಮಾರಿರುತ್ತಾರೆ. ಅದು ಸುಳ್ಳೂ ಅಲ್ಲ. ಆದರೆ ನಿಮಗೆ ಬೇಕಾಗಿದ್ದು ಆ ಮಾತಲ್ಲ, ಅಲ್ವಾ?

ನೀವು ಕೇಳಬೇಕಾದ ಸಂಖ್ಯೆ ಒಂದಿದೆ. ಕಳೆದ ವರ್ಷ ಕೊನೆಯ ಸೀಟು ಯಾವ ಗುಂಪಿನ ಮಗುವಿಗೆ, ಎಷ್ಟು ದೂರದಲ್ಲಿದ್ದ ಮನೆಗೆ ಸಿಕ್ಕಿತು? ಕೌನ್ಸಿಲ್‌ಗಳು (ಇಲ್ಲಿನ ಸ್ಥಳೀಯ ಆಡಳಿತ) ಪ್ರತಿ ವರ್ಷ ಸೆಪ್ಟೆಂಬರ್ 12ರೊಳಗೆ ಪೋಷಕರಿಗಾಗಿ ಒಂದು ಅಡ್ಮಿಷನ್ ಕೈಪಿಡಿ ಪ್ರಕಟಿಸಬೇಕು. ಸಾಮಾನ್ಯವಾಗಿ ಈ ಸಂಖ್ಯೆ ಅದರಲ್ಲಿ ಅಥವಾ ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಇರುತ್ತದೆ. ಇಲ್ಲದಿದ್ದರೆ ಫೋನ್ ಮಾಡಿ ಕೇಳಿ, ಹೇಳುತ್ತಾರೆ. ಒಂದೇ ವರ್ಷದ್ದು ಸಾಲದು. ಕಡಿಮೆ ಅಂದರೆ ಮೂರ್ನಾಲ್ಕು ವರ್ಷದ್ದು ಪಕ್ಕ ಪಕ್ಕ ಬರೆದುಕೊಳ್ಳಿ. ಅದರಲ್ಲಿ ಅತೀ ಕಡಿಮೆ ದೂರ ಯಾವುದೋ ಅದನ್ನೇ ನಿಮ್ಮ ಅಳತೆ ಅಂದುಕೊಳ್ಳಿ. ಆ ಅಳತೆಯೊಳಗೆ ಮನೆ ಬಂದರೆ ನೆಮ್ಮದಿ. ಒಳ್ಳೆಯ ವರ್ಷದ ಅಳತೆಯೊಳಗೆ ಮಾತ್ರ ಬಂದರೆ, ನೀವು ಅದೃಷ್ಟಕ್ಕೆ ದುಡ್ಡು ಕೊಡುತ್ತಿದ್ದೀರಿ.

ದೂರ ಅಳೆಯುವ ರೀತಿಯನ್ನೂ ನೋಡಿ. ಬಹಳ ಕಡೆ ಮನೆಯಿಂದ ಶಾಲೆಗೆ ನೇರ ಗೆರೆ ಎಳೆದು ಅಳೆಯುತ್ತಾರೆ, ಕೆಲವು ಕಡೆ ನಡೆಯುವ ದಾರಿಯನ್ನು ಅಳೆಯುತ್ತಾರೆ. ಶಾಲೆಯ ಕಡೆಯ ಬಿಂದು ಗೇಟೋ, ಕಟ್ಟಡದ ನಡುವೋ ಎನ್ನುವುದೂ ಪಾಲಿಸಿಯಲ್ಲಿ ಇರುತ್ತದೆ. ಮೊಬೈಲ್ ಮ್ಯಾಪಿನಲ್ಲಿ ಕಾರಿನ ದಾರಿ ನೋಡಿ 'ಅರ್ಧ ಮೈಲಿ' ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ಕ್ಯಾಚ್‌ಮೆಂಟಿನ ಗೆರೆ ಎಷ್ಟೋ ಸಲ ರಸ್ತೆಯ ನಡುವೆಯೇ ಹೋಗುತ್ತದೆ. ಎದುರು ಮನೆ ಒಳಗೆ, ನಿಮ್ಮ ಮನೆ ಹೊರಗೆ. ಆದ್ದರಿಂದ ಬೀದಿಯ ಹೆಸರು ಹಾಕಿ ನೋಡಬೇಡಿ. ಪೂರ್ತಿ ಪೋಸ್ಟ್‌ಕೋಡ್ ಮತ್ತು ಮನೆ ನಂಬರ್ ಹಾಕಿ ಕೌನ್ಸಿಲ್‌ನ ನಕ್ಷೆಯಲ್ಲೇ ನೋಡಿ.

ರೆಡಿಂಗ್ ಭಾಗದಲ್ಲಿ ಇನ್ನೊಂದು ತೊಡಕಿದೆ. ವಿಳಾಸದಲ್ಲಿ ರೆಡಿಂಗ್ ಎಂದಿದ್ದರೂ ಲೋವರ್ ಅರ್ಲಿ ಇರುವುದು ವೋಕಿಂಗ್‌ಹ್ಯಾಮ್ ಬರೋ ಕೌನ್ಸಿಲ್‌ನಲ್ಲಿ. ವುಡ್ಲಿಯೂ ಹಾಗೇ. ಟೈಲ್‌ಹರ್ಸ್ಟ್ ಅಂತೂ ಎರಡು ಪಾಲಾಗಿದೆ. ಒಂದು ಭಾಗ ರೆಡಿಂಗ್ ಕೌನ್ಸಿಲ್, ಇನ್ನೊಂದು ಭಾಗ ವೆಸ್ಟ್ ಬರ್ಕ್‌ಷೈರ್. ನೀವು ನೋಡಿದ ಸೆಮಿ ಮನೆ ಯಾವ ಕಡೆಯದು ಎಂದು ಮೊದಲು ಖಚಿತ ಮಾಡಿಕೊಳ್ಳಿ. ಅರ್ಜಿ ಹಾಕುವುದು ಮನೆ ಇರುವ ಕೌನ್ಸಿಲ್‌ಗೇ, ಆದರೆ ಪಕ್ಕದ ಕೌನ್ಸಿಲ್‌ನ ಶಾಲೆಯ ಹೆಸರನ್ನೂ ಅದೇ ಅರ್ಜಿಯಲ್ಲಿ ಬರೆಯಬಹುದು. ಬೇರೆ ಕೌನ್ಸಿಲ್‌ನವರು ಅನ್ನುವ ಕಾರಣಕ್ಕೇ ಮಗುವನ್ನು ಹಿಂದೆ ತಳ್ಳುವ ಹಾಗಿಲ್ಲ ಎಂದು 1989ರ ಗ್ರೀನಿಚ್ ತೀರ್ಪಿನಲ್ಲೇ ಕೋರ್ಟ್ ಹೇಳಿದೆ. ಹಾಗಾಗಿ ಕೌನ್ಸಿಲ್ ಗಡಿಯ ಹತ್ತಿರ ಇರುವ ಮನೆಗೆ ಎರಡೂ ಕಡೆಯ ಶಾಲೆಗಳನ್ನು ನೋಡಬೇಕು. ಇದನ್ನು ಬಹಳ ಜನ ಮಾಡುವುದಿಲ್ಲ. ಸುಮ್ನೆ ಒಂದು ಕಡೆಯ ಪಟ್ಟಿ ಮಾತ್ರ ಓದುತ್ತಾರೆ.

ಹತ್ತಿರ ಇರುವ ಶಾಲೆಗಳನ್ನೆಲ್ಲ ಎಣಿಸುವಾಗಲೂ ಹುಷಾರು. ಇಂಗ್ಲೆಂಡಿನ ಸರ್ಕಾರಿ ಹಣದ ಶಾಲೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಧಾರ್ಮಿಕ ಸಂಸ್ಥೆಗೆ ಸೇರಿದ್ದು. ಕ್ಯಾಥೊಲಿಕ್ ಶಾಲೆ ನಿಮ್ಮ ಮನೆಯ ಹಿಂದಿನ ಬೀದಿಯಲ್ಲೇ ಇದ್ದರೂ, ಅರ್ಜಿ ಜಾಸ್ತಿ ಬಂದರೆ ಚರ್ಚಿಗೆ ಹೋಗುವ ಕುಟುಂಬದ ಮಕ್ಕಳಿಗೆ ಮೊದಲು ಕೊಡಬಹುದು. ಚರ್ಚ್ ಆಫ್ ಇಂಗ್ಲೆಂಡ್ ಶಾಲೆಗಳಲ್ಲಿ ಕೆಲವು ಎಲ್ಲರನ್ನೂ ದೂರದ ಲೆಕ್ಕದಲ್ಲೇ ತೆಗೆದುಕೊಳ್ಳುತ್ತವೆ, ಕೆಲವು ಇಲ್ಲ. ನಕ್ಷೆಯಲ್ಲಿ ಐದು ಶಾಲೆ ಕಾಣುವ ಮನೆಗೆ ನಿಜವಾಗಿ ಎರಡೇ ಶಾಲೆ ಸಿಗುವುದು ಹೀಗೆ. ಹೊಸ ಬಡಾವಣೆಗಳ ವಿಷಯವೂ ಅಷ್ಟೇ. 'ಇಲ್ಲೇ ಶಾಲೆ ಬರುತ್ತದೆ' ಎಂದು ಬಿಲ್ಡರ್ ತೋರಿಸುವ ನಕ್ಷೆಯನ್ನು ನಂಬಿ ಮನೆ ಕೊಳ್ಳಬೇಡಿ. ಶಾಲೆ ತೆರೆದಿರಬೇಕು, ಅಥವಾ ತೆರೆಯುವ ವರ್ಷವನ್ನು ಕೌನ್ಸಿಲ್ ಬರವಣಿಗೆಯಲ್ಲಿ ಹೇಳಿರಬೇಕು.

ಇನ್ನು ಆ 'ಔಟ್‌ಸ್ಟ್ಯಾಂಡಿಂಗ್' ಮಾತು. ಶಾಲೆಗಳನ್ನು ಪರಿಶೀಲಿಸುವ ಆಫ್‌ಸ್ಟೆಡ್ ಸಂಸ್ಥೆ ಸರ್ಕಾರಿ ಶಾಲೆಗಳಿಗೆ ಒಂದೇ ಪದದ ಒಟ್ಟು ದರ್ಜೆ ಕೊಡುವುದನ್ನು 2024ರ ಸೆಪ್ಟೆಂಬರಿನಲ್ಲೇ ನಿಲ್ಲಿಸಿದೆ. 2025ರ ನವೆಂಬರಿನಿಂದ ಬೇರೆ ಬೇರೆ ವಿಷಯಕ್ಕೆ ಬೇರೆ ಬೇರೆ ದರ್ಜೆ ಇರುವ ರಿಪೋರ್ಟ್ ಕಾರ್ಡ್ ಬಂದಿದೆ. ಹಾಗಾಗಿ ಏಜೆಂಟ್ ಇವತ್ತು 'ಔಟ್‌ಸ್ಟ್ಯಾಂಡಿಂಗ್' ಎಂದರೆ ಅದು ಹಳೆಯ ದರ್ಜೆ. ಎಷ್ಟು ಹಳೆಯದು ಎಂದು ಕೇಳಿ. 2012ರಿಂದ 2020ರವರೆಗೆ ಔಟ್‌ಸ್ಟ್ಯಾಂಡಿಂಗ್ ಪಡೆದ ಶಾಲೆಗಳಿಗೆ ಮಾಮೂಲಿ ತಪಾಸಣೆಯಿಂದ ವಿನಾಯಿತಿ ಇತ್ತು. ಕೆಲವು ಶಾಲೆಗಳು ಒಮ್ಮೆ ಸಿಕ್ಕ ಹೆಸರನ್ನು ಹತ್ತು ವರ್ಷಕ್ಕೂ ಮೀರಿ ಇಟ್ಟುಕೊಂಡವು. ಅಷ್ಟರಲ್ಲಿ ಹೆಡ್ ಟೀಚರ್ ಬದಲಾಗಿರುತ್ತಾರೆ, ಟೀಚರ್‌ಗಳು ಬದಲಾಗಿರುತ್ತಾರೆ. ನನ್ನ ಮಾತು ಕೇಳಿ, ಎರಡೂ ಕಡೆಯ ಶಾಲೆಗಳಿಗೆ ಓಪನ್ ಡೇ ದಿನ ಮಗಳನ್ನು ಕರೆದುಕೊಂಡು ಹೋಗಿ. ಮಕ್ಕಳು ಟೀಚರ್ ಜೊತೆ ಹೇಗೆ ಮಾತಾಡುತ್ತಾರೆ ನೋಡಿ. ಮನೆಯಲ್ಲಿ ಕನ್ನಡ ಮಾತಾಡುವ ಮಗು ಬಂದರೆ ಏನು ಮಾಡುತ್ತೀರಿ ಎಂದು ಕೇಳಿ. ಆ ಪ್ರಶ್ನೆಗೆ ಖುಷಿಯಿಂದ ಉತ್ತರ ಕೊಡುವ ಶಾಲೆಯನ್ನು ನಾನು ಹಳೆಯ ದರ್ಜೆಯ ಶಾಲೆಗಿಂತ ಮೇಲೆ ಇಡುತ್ತೇನೆ.

ನಿಮ್ಮ ಸ್ನೇಹಿತರ ಸಲಹೆ ಐದು ಹತ್ತು ವರ್ಷದ ಹಿಂದಿನ ಅನುಭವದ್ದು ಇರಬಹುದು. ಆಗ ಪ್ರೈಮರಿ ಸೀಟಿಗೆ ನಿಜಕ್ಕೂ ನೂಕುನುಗ್ಗಲು. ಈಗ ಪರಿಸ್ಥಿತಿ ಬದಲಾಗಿದೆ. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ 2012ರಲ್ಲಿ ಹುಟ್ಟಿದ ಮಕ್ಕಳು 7.29 ಲಕ್ಷ. 2023ರಲ್ಲಿ 5.91 ಲಕ್ಷ. ನಿಮ್ಮ ಮಗಳ ಜೊತೆ ರಿಸೆಪ್ಶನ್ ಸೇರುವವರು 2022ರ ಸೆಪ್ಟೆಂಬರಿನಿಂದ 2023ರ ಆಗಸ್ಟ್‌ವರೆಗೆ ಹುಟ್ಟಿದ ಮಕ್ಕಳು, ಅಂದರೆ ಕಡಿಮೆ ಮಕ್ಕಳ ಸಾಲಿನವರು. ಲಂಡನ್ ನಗರದ ಒಳಭಾಗದಲ್ಲಿ ಮಕ್ಕಳು ಸಾಲದೆ ಪ್ರೈಮರಿ ಶಾಲೆಗಳನ್ನು ಮುಚ್ಚುತ್ತಿದ್ದಾರೆ, ಒಂದರೊಳಗೆ ಒಂದು ಸೇರಿಸುತ್ತಿದ್ದಾರೆ. ಎಲ್ಲ ಕಡೆ ಹಾಗಿಲ್ಲ, ಹೊಸ ಮನೆಗಳು ಏಳುತ್ತಿರುವ ಕಡೆ ಮಕ್ಕಳು ಜಾಸ್ತಿಯಾಗುತ್ತಲೂ ಇದ್ದಾರೆ. ಆದರೂ ಹಿಂದೆ ಅರ್ಧ ಮೈಲಿಯೊಳಗೆ ಮುಗಿಯುತ್ತಿದ್ದ ಶಾಲೆ ಈಗ ಇನ್ನೂ ದೂರದವರನ್ನೂ ತೆಗೆದುಕೊಳ್ಳುತ್ತಿರಬಹುದು. ಹಾಗಿದ್ದರೆ ಆ ಗೆರೆಗಾಗಿ ಕೊಡುವ ದುಡ್ಡಿಗೆ ಅರ್ಥವಿಲ್ಲ. ಆದರೆ ಒಂದು ಎಚ್ಚರಿಕೆ. ಮಕ್ಕಳು ಕಡಿಮೆಯಾದಾಗ ಶಾಲೆ ತನ್ನ ಸೀಟುಗಳನ್ನು 60ರಿಂದ 30ಕ್ಕೆ ಇಳಿಸಬಹುದು. ಇಳಿಸಿದ ವರ್ಷ ಮತ್ತೆ ಸೀಟು ಬಿಗಿಯಾಗುತ್ತದೆ.

ಈ ಥರದ ಬದಲಾವಣೆ ಗುಟ್ಟಾಗಿ ಆಗುವುದಿಲ್ಲ. ನಿಯಮ ಬದಲಿಸುವ ಮುಂಚೆ ಅಕ್ಟೋಬರ್ 1 ಮತ್ತು ಜನವರಿ 31ರ ನಡುವೆ ಕಡಿಮೆ ಅಂದರೆ ಆರು ವಾರ ಜನರ ಅಭಿಪ್ರಾಯ ಕೇಳಬೇಕು. ಫೆಬ್ರವರಿ 28ರೊಳಗೆ ತೀರ್ಮಾನ ಮಾಡಿ, ಮಾರ್ಚ್ 15ರೊಳಗೆ ಪ್ರಕಟಿಸಬೇಕು. ಅದು ಮುಂದಿನ ವರ್ಷದ ಸೆಪ್ಟೆಂಬರಿಗೆ ಜಾರಿ. ಹಾಗಾಗಿ ನಿಮ್ಮ ಮಗಳ 2027ರ ಸೇರ್ಪಡೆಗೆ ನಿಯಮ 2026ರ ಫೆಬ್ರವರಿ 28ರ ಗಡುವಿನಲ್ಲೇ ಗಟ್ಟಿಯಾಗುತ್ತದೆ. ಮಗನ 2028ರ ಸೆಕೆಂಡರಿ ಸೇರ್ಪಡೆಗೆ 2027ರ ಫೆಬ್ರವರಿ 28. ಶಾಲೆಯ ವೆಬ್‌ಸೈಟಿನಲ್ಲಿ ಇದೇ ವರ್ಷದ ಪಾಲಿಸಿ ಓದಿ ಸುಮ್ಮನಾಗಬೇಡಿ. 2027ರದ್ದು, 2028ರದ್ದು ಬೇರೆ ಬೇರೆ ತೆಗೆದು ಓದಿ. ಗೆರೆಯನ್ನೇ ಹೊಸದಾಗಿ ಎಳೆದ ಊರೂ ಇದೆ. ಬ್ರೈಟನ್‌ನಲ್ಲಿ 2008ರ ಸೇರ್ಪಡೆಯಿಂದ ಸೆಕೆಂಡರಿ ಕ್ಯಾಚ್‌ಮೆಂಟುಗಳ ನಕ್ಷೆಯನ್ನೇ ಬದಲಿಸಿ, ಒಂದೇ ಕ್ಯಾಚ್‌ಮೆಂಟಿನ ಒಳಗೆ ಸೀಟು ಸಾಲದಿದ್ದಾಗ ದೂರದ ಲೆಕ್ಕ ಬಿಟ್ಟು ಲಾಟರಿ ಎತ್ತುವ ಕ್ರಮ ತಂದರು. ಶಾಲೆಯ ಗೇಟಿನ ಹತ್ತಿರ ಎಂದು ದುಬಾರಿ ಮನೆ ಕೊಂಡಿದ್ದವರಿಗೆ ಆ ಹತ್ತಿರದಿಂದ ಬರುತ್ತಿದ್ದ ಅನುಕೂಲ ಹೋಯಿತು.

ನಿಮ್ಮ ಕುಟುಂಬದ ವಿಷಯದಲ್ಲಿ ಬಹಳ ಒಳ್ಳೆಯ ಅಂಶವೊಂದಿದೆ. ನೀವು ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ. 2027ರ ಸೆಪ್ಟೆಂಬರಿನಲ್ಲಿ ಮಗಳು ರಿಸೆಪ್ಶನ್ ಸೇರುವಾಗ ಮಗ ಇನ್ನೂ ಪ್ರೈಮರಿಯ ಕೊನೆಯ ವರ್ಷದಲ್ಲಿ, ಇಯರ್ ಸಿಕ್ಸ್‌ನಲ್ಲಿ ಇರುತ್ತಾನೆ. ಅಂದರೆ ಆ ವರ್ಷ ಮಗ ಓದುತ್ತಿರುವ ಶಾಲೆಯಲ್ಲಿ ಮಗಳಿಗೆ 'ಅಣ್ಣ ಇದ್ದಾನೆ' ಎನ್ನುವ ಆದ್ಯತೆ ಸಿಗುತ್ತದೆ. ಒಂದು ವರ್ಷ ತಡವಾಗಿದ್ದರೆ ಸಿಗುತ್ತಿರಲಿಲ್ಲ. ಮನೆ ಬದಲಿಸಿದ ಮೇಲೆ ಮಗನನ್ನು ಹೊಸ ಶಾಲೆಗೆ ವರ್ಷದ ನಡುವೆ ಸೇರಿಸುವುದಾದರೆ, ಅದಕ್ಕೆ ಇನ್-ಇಯರ್ ಅರ್ಜಿ ಅನ್ನುತ್ತಾರೆ. ರಿಸೆಪ್ಶನ್‌ನಿಂದ ಇಯರ್ ಟೂವರೆಗೆ ಒಬ್ಬ ಟೀಚರ್‌ಗೆ 30 ಮಕ್ಕಳು ಎಂದು ಕಾನೂನೇ ಮಿತಿ ಹಾಕಿದೆ, ಹಾಗಾಗಿ ಅಲ್ಲಿ ಒಂದು ಮಗು ಜಾಸ್ತಿ ಸೇರಿಸುವುದೂ ಕಷ್ಟ. ಆದರೆ ಮಗನ ತರಗತಿಗೆ ಆ ಕಾನೂನು ಇಲ್ಲ. ಜನ ಊರು ಬಿಟ್ಟು ಹೋಗುತ್ತಿರುತ್ತಾರೆ, ದೊಡ್ಡ ತರಗತಿಗಳಲ್ಲಿ ಸೀಟು ಖಾಲಿಯಾಗುತ್ತಿರುತ್ತದೆ. ಇನ್-ಇಯರ್ ಅರ್ಜಿಗೆ 15 ಶಾಲಾ ದಿನಗಳೊಳಗೆ ಉತ್ತರ ಬರಬೇಕು. ಮಗನಿಗೆ ಅಲ್ಲಿ ಸೀಟು ಸಿಕ್ಕಿದರೆ ಮಗಳ ದಾರಿ ಬಹುಪಾಲು ಸಲೀಸು. ಅಲ್ಲಿಗೆ ಅರ್ಧ ಮೈಲಿ ಹತ್ತಿರದ ಮನೆಯೋ ದೂರದ ಮನೆಯೋ ಅನ್ನುವ ಲೆಕ್ಕದ ತೂಕ ಬಹಳ ಇಳಿಯುತ್ತದೆ. ಮಗ ಈಗಿರುವ ಶಾಲೆಯಲ್ಲೇ ಮುಗಿಸಲಿ ಅಂದರೂ ತಪ್ಪಿಲ್ಲ. ಆಗ ಅದೇ ಶಾಲೆಯಲ್ಲಿ ಮಗಳಿಗೆ ಸಿಬ್ಲಿಂಗ್ ಆದ್ಯತೆ ಕ್ಯಾಚ್‌ಮೆಂಟ್ ಹೊರಗೆ ಹೋದ ಮೇಲೂ ಉಳಿಯುತ್ತದಾ ಎಂದು ನೋಡಿ. ಬಹಳ ಶಾಲೆಗಳು ಹೊರಗಿನವರನ್ನು ಕೆಳಗೆ ಇಡುತ್ತವೆ.

ತಾರೀಖುಗಳನ್ನು ಈಗಲೇ ಗೋಡೆಗೆ ಅಂಟಿಸಿ. ಮಗಳ ಅರ್ಜಿಗೆ ಕೊನೆಯ ದಿನ 2027ರ ಜನವರಿ 15, ಫಲಿತಾಂಶ ಏಪ್ರಿಲ್ 16ರಂದು. ಮಗನ ಸೆಕೆಂಡರಿ ಅರ್ಜಿಗೆ 2027ರ ಅಕ್ಟೋಬರ್ 31, ಫಲಿತಾಂಶ 2028ರ ಮಾರ್ಚ್ 1ರಂದು. ಹೊಸ ವಿಳಾಸ ಲೆಕ್ಕಕ್ಕೆ ಬರಬೇಕಾದರೆ ಬರೀ ಆಫರ್ ಒಪ್ಪಿದ್ದಾರೆ ಅನ್ನುವುದು ಸಾಲದು. ಕಾಂಟ್ರ್ಯಾಕ್ಟ್ ಎಕ್ಸ್‌ಚೇಂಜ್ (ಇಬ್ಬರೂ ಬದ್ಧರಾಗುವ ಕರಾರು) ಆಗಿರಬೇಕು ಎಂದು ಹೆಚ್ಚಿನ ಕೌನ್ಸಿಲ್‌ಗಳು ಕೇಳುತ್ತವೆ, ಕೆಲವು ಕಡೆ ವಾಸವೇ ಶುರುವಾಗಿರಬೇಕು. ತಡವಾಗಿ ಬಂದ ವಿಳಾಸವನ್ನು ಯಾವ ತಾರೀಖಿನವರೆಗೆ ಒಪ್ಪುತ್ತಾರೆ ಎನ್ನುವುದೂ ಕೌನ್ಸಿಲ್‌ಗೆ ತಕ್ಕ ಹಾಗೆ ಬೇರೆ. ಇಲ್ಲಿ ಆಫರ್ ಒಪ್ಪಿದ ಮೇಲೆ ಕೀಲಿ ಕೈಗೆ ಬರಲು ಮೂರ್ನಾಲ್ಕು ತಿಂಗಳು ಸಾಮಾನ್ಯ. ಮಾರುವವರೂ ಇನ್ನೊಂದು ಮನೆ ಕೊಳ್ಳುತ್ತಿದ್ದರೆ ಇನ್ನೂ ಜಾಸ್ತಿ. ಎಕ್ಸ್‌ಚೇಂಜ್ ಆಗುವವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು. ಆದ್ದರಿಂದ 2026ರ ಬೇಸಿಗೆ ಮುಗಿಯುವುದರೊಳಗೆ ಆಫರ್ ಹಂತ ದಾಟಿರಬೇಕು.

ತಡವಾದರೆ ಏನು ಮಾಡಬಾರದು ಎನ್ನುವುದನ್ನೂ ಹೇಳುತ್ತೇನೆ. ಸ್ನೇಹಿತರ ವಿಳಾಸ ಹಾಕುವುದು, ಶಾಲೆಯ ಪಕ್ಕ ನಾಲ್ಕು ತಿಂಗಳಿಗೆ ಫ್ಲ್ಯಾಟ್ ಬಾಡಿಗೆ ಹಿಡಿದು ಅಲ್ಲಿ ಇರದೇ ಇರುವುದು, ಇವೆಲ್ಲ ಬೇಡ. ಕೌನ್ಸಿಲ್‌ಗಳು ಕೌನ್ಸಿಲ್ ಟ್ಯಾಕ್ಸ್ ದಾಖಲೆ ನೋಡುತ್ತವೆ, ಮನೆಗೂ ಬರುತ್ತವೆ. ಮೋಸದ ಅರ್ಜಿಯಿಂದ ಸಿಕ್ಕ ಸೀಟನ್ನು ವಾಪಸ್ ಪಡೆಯುವ ಅಧಿಕಾರ ಇದೆ. 2008ರಲ್ಲಿ ಪೂಲ್ ಊರಿನ ಕೌನ್ಸಿಲ್ ಒಂದು ಕುಟುಂಬದ ಮೇಲೆ ಇದೇ ಅನುಮಾನದಿಂದ ರಹಸ್ಯವಾಗಿ ಕಣ್ಣಿಟ್ಟಿತ್ತು. ಆ ಕುಟುಂಬ ತಪ್ಪು ಮಾಡಿರಲಿಲ್ಲ, ಕೌನ್ಸಿಲ್ ಮಾಡಿದ್ದು ಕಾನೂನಿಗೆ ವಿರುದ್ಧ ಎಂದು 2010ರಲ್ಲಿ ತೀರ್ಪೂ ಬಂತು. ಆದರೂ ಕೌನ್ಸಿಲ್‌ಗಳು ಇದನ್ನು ಎಷ್ಟು ಗಂಭೀರವಾಗಿ ನೋಡುತ್ತವೆ ಎಂಬುದು ಅದರಿಂದ ಗೊತ್ತಾಗುತ್ತದೆ. ನಿಜವಾಗಿ ವಾಸ ಮಾಡುವ ಬಾಡಿಗೆ ಮನೆಗೆ ಯಾವ ತೊಂದರೆಯೂ ಇಲ್ಲ. ನಿಮಗೆ ಇಲ್ಲಿ ಬೇರೆ ಸ್ವಂತ ಮನೆ ಇಲ್ಲದಿರುವುದರಿಂದ, ಕೊಳ್ಳುವುದು ತಡವಾದರೆ ಬೇಕಾದ ಜಾಗದಲ್ಲಿ ಬಾಡಿಗೆಗೆ ಹೋಗುವುದು ಒಳ್ಳೆಯ ದಾರಿಯೇ.

ಅರ್ಜಿಯಲ್ಲಿ ಶಾಲೆಗಳ ಹೆಸರು ಬರೆಯುವಾಗ ನಮ್ಮವರು ಒಂದೇ ಶಾಲೆ ಬರೆದು ಬಿಡುವುದನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಅವಕಾಶ ಜಾಸ್ತಿಯಾಗುವುದಿಲ್ಲ. ನೀವು ಯಾವ ಶಾಲೆಯನ್ನು ಎಷ್ಟನೆಯದಾಗಿ ಬರೆದಿದ್ದೀರಿ ಎಂದು ನೋಡಿ ಸೀಟು ಹಂಚುವ ಹಾಗಿಲ್ಲ. ಪ್ರತಿ ಶಾಲೆಯೂ ತನ್ನ ನಿಯಮದ ಪ್ರಕಾರ ಪಟ್ಟಿ ಮಾಡುತ್ತದೆ, ಎರಡು ಕಡೆ ಸಿಕ್ಕಿದರೆ ನೀವು ಮೇಲೆ ಬರೆದದ್ದು ಸಿಗುತ್ತದೆ. ನಿಮಗೆ ನಿಜವಾಗಿ ಇಷ್ಟವಿರುವ ಕ್ರಮದಲ್ಲೇ ಬರೆಯಿರಿ, ಆದರೆ ಖಂಡಿತ ಸಿಗುವಂಥ ಒಂದು ಶಾಲೆ ಕೊನೆಯಲ್ಲಿ ಇರಲಿ. ಮೊದಲ ಸುತ್ತಿನಲ್ಲಿ ಸಿಗದಿದ್ದರೆ ವೇಯ್ಟಿಂಗ್ ಲಿಸ್ಟ್ ಡಿಸೆಂಬರ್ 31ರವರೆಗಾದರೂ ಇರುತ್ತದೆ. ಅದರಲ್ಲಿ ಮೊದಲು ಬಂದವರಿಗೆ ಮೊದಲು ಎಂಬ ಮಾತಿಲ್ಲ. ಹತ್ತಿರದವರು ಹೊಸದಾಗಿ ಬಂದರೆ ನಿಮ್ಮ ಮೇಲೆ ಹೋಗುತ್ತಾರೆ. ನೀವೇ ಹತ್ತಿರಕ್ಕೆ ಬಂದರೆ ನೀವು ಮೇಲೆ ಹೋಗುತ್ತೀರಿ.

ಈಗ ಬೆಂಗಳೂರಿನ ಫ್ಲ್ಯಾಟ್. ಇದು ಶಾಲೆಯ ವಿಷಯವಲ್ಲ, ಆದರೂ ಹೇಳದೇ ಇರಲಾರೆ. ಯಾಕೆಂದರೆ ಇದು ನಿಮ್ಮ 35,000 ಪೌಂಡಿನ ಚರ್ಚೆಯಷ್ಟೇ ದೊಡ್ಡದು. ಸ್ಟ್ಯಾಂಪ್ ಡ್ಯೂಟಿಯಲ್ಲಿ ಮೊದಲ ಮನೆ ಕೊಳ್ಳುವವರಿಗೆ ಇರುವ ರಿಯಾಯಿತಿ ನಿಮಗೆ ಸಿಗುವುದಿಲ್ಲ. ಪ್ರಪಂಚದಲ್ಲಿ ಎಲ್ಲೇ ಮನೆ ಹೊಂದಿದ್ದರೂ ಅದು ಲೆಕ್ಕಕ್ಕೆ ಬರುತ್ತದೆ. ಅಷ್ಟೇ ಅಲ್ಲ, ನಿಮ್ಮ ಪಾಲಿನ ಬೆಲೆ 40,000 ಪೌಂಡ್ ಅಥವಾ ಜಾಸ್ತಿ ಇದ್ದು, ಅದನ್ನು ಇಟ್ಟುಕೊಂಡೇ ಇಲ್ಲಿ ಮನೆ ಕೊಂಡರೆ ಪೂರ್ತಿ ಬೆಲೆಯ ಮೇಲೆ ಶೇ 5 ಹೆಚ್ಚುವರಿ ತೆರಿಗೆ. 2025ರ ಏಪ್ರಿಲ್ 1ರಿಂದ ಇರುವ ದರದಲ್ಲಿ 4,50,000 ಪೌಂಡಿನ ಮನೆಗೆ, ಮೊದಲ ಮನೆಯವರು ಕಟ್ಟುವುದು 7,500. ರಿಯಾಯಿತಿ ಇಲ್ಲದವರು 12,500. ಹೆಚ್ಚುವರಿಯೂ ಸೇರಿದರೆ 35,000. ಟೈಲ್‌ಹರ್ಸ್ಟ್ ಮನೆಗೆ ಅದೇ ರೀತಿ 31,500. ಕಂಪ್ಲೀಶನ್‌ಗೆ (ಮನೆ ನಿಮ್ಮ ಹೆಸರಿಗೆ ಬರುವ ದಿನಕ್ಕೆ) ಮುಂಚೆ ಬೆಂಗಳೂರಿನ ಫ್ಲ್ಯಾಟ್ ಮಾರಿದರೆ ಹೆಚ್ಚುವರಿ ಶೇ 5 ತಪ್ಪುತ್ತದೆ, ರಿಯಾಯಿತಿ ಮಾತ್ರ ವಾಪಸ್ ಬರುವುದಿಲ್ಲ. ಆಫರ್ ಹಾಕುವ ಮುಂಚೆಯೇ ಇದನ್ನು ಸಾಲಿಸಿಟರ್‌ಗೆ ಬಾಯಿಬಿಟ್ಟು ಹೇಳಿ. 'ಅದು ಇಂಡಿಯಾದಲ್ಲಿ ಇದೆ, ಯಾರು ಕೇಳುತ್ತಾರೆ' ಎಂದು ಬಿಡಬೇಡಿ.

ಸೆಕೆಂಡರಿ ಶಾಲೆ ಪ್ರೈಮರಿಗಿಂತ ಮುಖ್ಯ ಎಂದು ನಾನು ನಂಬುತ್ತೇನೆ. ಅಲ್ಲಿ ಏರುಪೇರು ಜಾಸ್ತಿ, ಮಕ್ಕಳು ಅಲ್ಲಿ ಐದು ವರ್ಷವಾದರೂ ಇರುತ್ತಾರೆ, ಮತ್ತು ಮಗನ ನಂತರ ಮಗಳೂ ಅಲ್ಲಿಗೇ ಹೋಗಬೇಕು. ಆದ್ದರಿಂದ ಎರಡೂ ಮನೆಗಳಿಗೆ ಸೆಕೆಂಡರಿಯ ಕ್ಯಾಚ್‌ಮೆಂಟ್ ಯಾವುದು ಎಂದು ಮೊದಲು ನೋಡಿ, ಪ್ರೈಮರಿ ಆಮೇಲೆ. ನೀವು ಬರೆದ ಪತ್ರದಲ್ಲಿ ಆ ಮಾತೇ ಇಲ್ಲ, ಏಜೆಂಟ್ ಕೂಡ ಹೇಳಿದ ಹಾಗಿಲ್ಲ. ಗ್ರಾಮರ್ ಶಾಲೆಯ (ಪ್ರವೇಶ ಪರೀಕ್ಷೆಯಿಂದ ಮಕ್ಕಳನ್ನು ಆರಿಸುವ ಸರ್ಕಾರಿ ಸೆಕೆಂಡರಿ ಶಾಲೆಯ) ಯೋಚನೆಯೂ ರೆಡಿಂಗ್‌ನ ಕನ್ನಡದ ಮನೆಗಳಲ್ಲಿ ಇದ್ದೇ ಇರುತ್ತದೆ. ಇಡೀ ಇಂಗ್ಲೆಂಡಿನಲ್ಲಿ ಇಂಥ ಶಾಲೆಗಳು 163. ರೆಡಿಂಗ್‌ನಲ್ಲಿ ಹುಡುಗರಿಗೆ ರೆಡಿಂಗ್ ಸ್ಕೂಲ್, ಹುಡುಗಿಯರಿಗೆ ಕೆಂಡ್ರಿಕ್ ಇವೆ, ಸ್ಲೌನಲ್ಲಿ ನಾಲ್ಕು. ಇಯರ್ ಸಿಕ್ಸ್‌ನ ಸೆಪ್ಟೆಂಬರಿನಲ್ಲಿ ಪರೀಕ್ಷೆ, ಅಂದರೆ ನಿಮ್ಮ ಮಗನಿಗೆ 2027ರಲ್ಲಿ. ಮಗ ಇಷ್ಟಪಟ್ಟು ಓದಿದರೆ ಬರೆಯಲಿ. ಆದರೆ ಪಾಸಾಗುತ್ತಾನೆ ಎಂದು ನಂಬಿ ಮನೆ ಕೊಳ್ಳಬೇಡಿ. ಹತ್ತು ವರ್ಷದ ಹುಡುಗನ ತಲೆಯ ಮೇಲೆ ಮಾರ್ಟ್‌ಗೇಜಿನ ಭಾರ ಇಡುವುದು ಸರಿಯಲ್ಲ. ಪಾಸಾಗದಿದ್ದರೂ ಖುಷಿಯಿಂದ ಕಳಿಸಬಹುದಾದ ಸಾಮಾನ್ಯ ಸೆಕೆಂಡರಿ ಆ ವಿಳಾಸಕ್ಕೆ ಇರಲೇಬೇಕು.

ಇಷ್ಟು ಹೇಳಿದ ಮೇಲೆ ನಿಮ್ಮ ಎರಡು ಮನೆ. ಲೋವರ್ ಅರ್ಲಿಯ ಮನೆಗೆ ಎರಡು ಪ್ರೈಮರಿ, ಒಂದು ಒಳ್ಳೆಯ ಸೆಕೆಂಡರಿ ಬಿಗಿ ವರ್ಷದಲ್ಲೂ ಸಿಗುವಂತಿದ್ದರೆ ಆ ದುಡ್ಡು ಕೊಡಬಹುದು. ಮುಂದೆ ಮಾರುವಾಗಲೂ ಬೆಲೆಯ ಒಂದು ಪಾಲು ವಾಪಸ್ ಬರುತ್ತದೆ. ಬರೀ ಆ ಒಂದು ಪ್ರೈಮರಿಯೇ ಕಾರಣವಾದರೆ ನಿಮ್ಮ ಹೆಂಡತಿ ಹೇಳುತ್ತಿರುವುದೇ ಸರಿ. ಟೈಲ್‌ಹರ್ಸ್ಟ್ ಮನೆಯ ಸೆಕೆಂಡರಿ ಚೆನ್ನಾಗಿದ್ದರೆ ಎರಡನೇ ಯೋಚನೆ ಬೇಡ. ಮಕ್ಕಳು ಬೆಳೆಯುವುದು ಮನೆಯೊಳಗೂ ಹೌದು. ಜಾಗ, ಹಿತ್ತಲು, ಅಪ್ಪ ಅಮ್ಮ ಊರಿಂದ ಬಂದು ಆರು ತಿಂಗಳು ಇರಲು ಒಂದು ಕೋಣೆ, ತಿಂಗಳ ಕೊನೆಯಲ್ಲಿ ಕೈಯಲ್ಲಿ ಉಳಿಯುವ 195 ಪೌಂಡ್, ಇವೂ ಅವರ ಓದಿಗೆ ಸಹಾಯ ಮಾಡುತ್ತವೆ.

ಈ ವಾರ ಮಾಡಬೇಕಾದ ಕೆಲಸ ಫೋನ್ ಮಾಡುವುದು. ವೋಕಿಂಗ್‌ಹ್ಯಾಮ್ ಕೌನ್ಸಿಲ್‌ನ ಅಡ್ಮಿಷನ್ ವಿಭಾಗಕ್ಕೂ, ಟೈಲ್‌ಹರ್ಸ್ಟ್ ಮನೆ ಯಾವ ಕೌನ್ಸಿಲ್‌ಗೆ ಸೇರುತ್ತದೋ ಅವರಿಗೂ ಎರಡೂ ಮನೆಗಳ ಪೂರ್ತಿ ವಿಳಾಸ ಹೇಳಿ. ಕ್ಯಾಚ್‌ಮೆಂಟ್ ಯಾವುದು, ಕಳೆದ ಮೂರು ವರ್ಷ ಕೊನೆಯ ಸೀಟು ಎಷ್ಟು ದೂರಕ್ಕೆ ಹೋಯಿತು, ಮಗನ ತರಗತಿಯಲ್ಲಿ ಈಗ ಯಾವ ಶಾಲೆಯಲ್ಲಿ ಸೀಟು ಖಾಲಿ ಇದೆ ಎಂದು ಕೇಳಿ. ಉತ್ತರವನ್ನು ಇಮೇಲಿನಲ್ಲಿ ಕಳಿಸಲು ಹೇಳಿ. ಆ ಇಮೇಲ್ ಬರುವವರೆಗೆ ಯಾವ ಮನೆಗೂ ಆಫರ್ ಹಾಕಬೇಡಿ.